ಪತ್ತನಾಜೆಯೊಳಗೆ ಮಾಡು ಮುಚ್ಚಬೇಕು: ಕರಾವಳಿಯಲ್ಲಿ ಮನೆ ಕಟ್ಟಿಸುವವರು ಸೈಟಿನಲ್ಲಿ ಏನೇನು ನೋಡಬೇಕು

ನಮ್ಮೂರಲ್ಲಿ ಮನೆ ಕಟ್ಟುವವರಿಗೆ ವರ್ಷವೆಂದರೆ ಏಳೇ ತಿಂಗಳು. ದೀಪಾವಳಿ ಕಳೆದ ಮೇಲೆ ಪಾಯ ತೋಡಿದರೆ ಪತ್ತನಾಜೆಯೊಳಗೆ, ಅಂದರೆ ಮೇ 24ರ ಆಸುಪಾಸಿಗೆ, ಮಾಡು (ಚಾವಣಿ) ಮುಚ್ಚಿರಬೇಕು. ಆಮೇಲೆ ಜೂನ್ ಬಂತು ಅಂದರೆ ಮುಗಿಯಿತು. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. 1,000 ಚದರಡಿಯ ತಾರಸಿ ಮೇಲೆ ಒಂದು ವರ್ಷದಲ್ಲಿ ಮೂರೂವರೆ ಲಕ್ಷ ಲೀಟರಿಗಿಂತ ಜಾಸ್ತಿ ನೀರು ಬೀಳುತ್ತದೆ. ಇಷ್ಟು ನೀರಿನ ಕೆಳಗೆ ನಿಲ್ಲುವ ಮನೆಯನ್ನು ಬೆಂಗಳೂರಿನ ಪ್ಲಾನ್ ನೋಡಿ ಕಟ್ಟಿದರೆ ಆಗುವುದಿಲ್ಲ.

ನಾನು ಉಡುಪಿ, ಮಂಗಳೂರು ಮಧ್ಯೆ ಸೈಟುಗಳಲ್ಲಿ ಓಡಾಡುವವನು. ಸಂಜೆ ಹೊತ್ತು ಸೈಟಿಗೆ ಬಂದು, ಇಂಜಿನಿಯರ್ ಹೇಳಿದ್ದಕ್ಕೂ ತಲೆಯಾಡಿಸಿ, ಮೇಸ್ತ್ರಿ ಹೇಳಿದ್ದಕ್ಕೂ ತಲೆಯಾಡಿಸಿ ಹೋಗುವ ಮನೆ ಯಜಮಾನರನ್ನು ದಿನಾ ನೋಡುತ್ತೇನೆ. ಈ ಬರಹ ಅವರಿಗೆ. ಡಿಸೈನ್ ನೀವು ಮಾಡಬೇಕಾಗಿಲ್ಲ. ಯಾವ ದಿನ ಸೈಟಿನಲ್ಲಿ ನಿಲ್ಲಬೇಕು, ನಿಂತು ಏನು ನೋಡಬೇಕು ಅಂತ ಗೊತ್ತಿದ್ದರೆ ಸಾಕು.

ಮೊದಲು ಒಂದು ಮಾತು ಅರ್ಥವಾಗಲಿ. ಮನೆಯ ಭಾರಕ್ಕೆ ಒಂದು ದಾರಿ ಇದೆ. ಸ್ಲ್ಯಾಬಿನಿಂದ ಬೀಮಿಗೆ, ಬೀಮಿನಿಂದ ಕಂಬಕ್ಕೆ, ಕಂಬದಿಂದ ಅದರ ಬುಡದ ಅಗಲ ಕಾಂಕ್ರೀಟಿಗೆ, ಅಂದರೆ ಫೂಟಿಂಗಿಗೆ, ಅಲ್ಲಿಂದ ಮಣ್ಣಿಗೆ. ಕಂಬ ಇಲ್ಲದ ಮನೆಯಾದರೆ ಸ್ಲ್ಯಾಬಿನಿಂದ ಗೋಡೆಗೆ, ಗೋಡೆಯಿಂದ ಅದರ ಬುಡದ ಕಲ್ಲಿನ ಕಟ್ಟಣಕ್ಕೆ, ಅಂದರೆ ಪಂಚಾಂಗಕ್ಕೆ. ಎಲ್ಲಾದರೂ ಈ ದಾರಿ ತುಂಡಾದರೆ ಬಿರುಕು ಬರುತ್ತದೆ. "ಈ ಗೋಡೆ ಒಂದು ತೆಗೆದುಬಿಡಿ, ಹಾಲ್ ದೊಡ್ಡದಾಗ್ತದೆ" ಅಂತ ಅರ್ಧ ಕೆಲಸದಲ್ಲಿ ಹೇಳುವ ಮೊದಲು ಆ ಗೋಡೆ ಮೇಲೆ ಏನು ಕೂತಿದೆ ಅಂತ ಕೇಳಿ.

1. ಜಾಗ ನೋಡುವುದು

ನಮ್ಮ ಕಡೆ ಜಾಗಗಳು ಮೂರು ಬಗೆ. ಗುಡ್ಡೆ ಕಡಿದು ಮಾಡಿದ ಸೈಟು, ಗದ್ದೆ ತುಂಬಿಸಿದ ಸೈಟು, ಕಡಲ ಬದಿಯ ಹೊಯ್ಗೆ (ಮರಳು) ಜಾಗ.

ಗುಡ್ಡೆ ಜಾಗದಲ್ಲಿ ಮೇಲೆ ಗಟ್ಟಿ ಮುರಕಲ್ಲು (ಲ್ಯಾಟರೈಟ್) ಇರುತ್ತದೆ. ಪಾಯಕ್ಕೆ ಇದಕ್ಕಿಂತ ಒಳ್ಳೆಯದು ಬೇರೆ ಬೇಕಾಗಿಲ್ಲ. ಆದರೆ ಅದರ ಕೆಳಗೆ ಶೇಡಿ ಮಣ್ಣು ಇರುತ್ತದಲ್ಲ, ಬೆಳ್ಳಗೆ, ನಸುಗೆಂಪಗೆ, ಮುಟ್ಟಿದರೆ ಹಿಟ್ಟಿನ ಹಾಗೆ, ಅದೇ ಕಷ್ಟ. ಮಾರ್ಚ್ ತಿಂಗಳಲ್ಲಿ ಹಾರೆ ಹಾಕಿದರೂ ಇಳಿಯದಷ್ಟು ಗಟ್ಟಿ. ಜುಲೈಯಲ್ಲಿ ನೀರು ಕುಡಿದ ಮೇಲೆ ಅದೇ ಮಣ್ಣು ಕೆಸರು. ಜೆಸಿಬಿ ತಂದು ಗುಡ್ಡೆಯನ್ನು ನೇರ ಗೋಡೆಯ ಹಾಗೆ ಕಡಿದಾಗ ಬೇಸಿಗೆಯಲ್ಲಿ ಚಂದ ನಿಲ್ಲುವ ಬರೆ ಮಳೆಗಾಲದಲ್ಲಿ ಜರಿದು ಬೀಳುವುದು ಇದೇ ಕಾರಣಕ್ಕೆ. ಹಾಗಾಗಿ ಜಾಗವನ್ನು ಬೇಸಿಗೆಯಲ್ಲಿ ನೋಡಿ ಮುಂಗಡ ಕೊಡಬೇಡಿ. ಒಂದು ಸಲ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕೊಡೆ ಹಿಡಿದುಕೊಂಡು ಹೋಗಿ ನೋಡಿ. ಬರೆಯ ಬುಡದಲ್ಲಿ ನೀರಿನ ಒರತೆ ಇದೆಯಾ, ಬಿಳಿ ಮಣ್ಣು ಕಾಣುತ್ತದಾ ನೋಡಿ. ಕಂಡರೆ ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಬೇಕು, ಮೇಲಿನ ನೀರು ಸುತ್ತಿ ಹೋಗಲು ಚರಂಡಿ ಮಾಡಿಸಬೇಕು. ತಡೆಗೋಡೆ ಕಟ್ಟಿಸಿದರೆ ಅದರಲ್ಲಿ ನೀರು ಹೊರಗೆ ಬರಲು ಪೈಪಿನ ತೂತು ಬೇಕೇ ಬೇಕು. ತಡೆಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ಹಿಂದೆ ಕಟ್ಟಿ ನಿಂತ ನೀರಿನ ಒತ್ತಡಕ್ಕೇ ಜಾಸ್ತಿ.

ಬೈಲು ಗದ್ದೆ ತುಂಬಿಸಿದ ಜಾಗದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಅಡಿ ತುಂಬಿಸಿದ್ದು, ಯಾವಾಗ? "ಎರಡು ಮಳೆ ಕಳೆಯಲಿ" ಅಂತ ಹಿರಿಯರು ಹೇಳುತ್ತಿದ್ದರು, ಸುಮ್ನೆ ಹೇಳಿದ್ದಲ್ಲ. ಆದರೆ ಎರಡು ಮಳೆ ಕಳೆದರೂ ಲಾರಿಯಲ್ಲಿ ತಂದು ಸುರಿದ ಮಣ್ಣಿನ ಮೇಲೆ ಪಾಯ ಕೂರಿಸಬಾರದು. ಅದರ ಕೆಳಗಿನ ಹಳೆಯ ಗಟ್ಟಿ ನೆಲ ಸಿಗುವವರೆಗೆ ಹೋಗಬೇಕು. ಆಳ ಜಾಸ್ತಿಯಾದರೆ ಪೈಲ್ (ಆಳಕ್ಕೆ ಇಳಿಸುವ ಕಂಬ) ಅಥವಾ ರಾಫ್ಟ್ (ಇಡೀ ಮನೆಯ ಅಡಿಗೆ ಒಂದೇ ಕಾಂಕ್ರೀಟ್ ಹಾಸು). ಇಲ್ಲಿ ಮಣ್ಣಿನ ಪರೀಕ್ಷೆಗೆ ಹಣ ಉಳಿಸಬೇಡಿ.

ಮಲ್ಪೆ, ಉಳ್ಳಾಲದಂಥ ಕಡೆ ಹೊಯ್ಗೆ ಜಾಗವಾದರೆ ನಾಲ್ಕಡಿಗೇ ನೀರು ಸಿಗಬಹುದು. ಸಮುದ್ರ ಅಥವಾ ಉಬ್ಬರದ ನೀರು ಬರುವ ಹೊಳೆ ಹತ್ತಿರ ಇದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಇದೆ. ಜಮೀನಿನ ಕನ್ವರ್ಷನ್, ಪಂಚಾಯತಿನ 9/11 ಖಾತೆ ಪತ್ರ, ಕಟ್ಟಡದ ಲೈಸೆನ್ಸ್ ಇವುಗಳ ಜೊತೆಗೇ ಅದನ್ನೂ ವಿಚಾರಿಸಿ.

2. ಗುರುತು ಹಾಕುವುದು

ಸುಣ್ಣದ ಗೆರೆ ಹಾಕುವ ದಿನ ಟೇಪು ಹಿಡಿದು ನೀವೇ ಅಳೆಯಿರಿ. ಮೂಲೆ ಸರಿ ಇದೆಯಾ ನೋಡಲು ಹಳೆಯ 3-4-5 ಲೆಕ್ಕ ಸಾಕು. ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಮಾಡಿ. ಅವೆರಡರ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ. ದೊಡ್ಡ ಮನೆಗೆ 6-8-10 ಹಿಡಿಯಿರಿ. ಬಾವಿಗೂ ಶೌಚದ ಇಂಗುಗುಂಡಿಗೂ ಕನಿಷ್ಠ 18 ಮೀಟರ್, ಅಂದರೆ 60 ಅಡಿ ದೂರ ಇರಲಿ. ಮುರಕಲ್ಲಿನ ತುಂಬ ತೂತು, ಕೊಳವೆ. ಅದರಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಹೇಳಲಿಕ್ಕಾಗುವುದಿಲ್ಲ. ಪಕ್ಕದ ಮನೆಯವರ ಬಾವಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

3. ಪಂಚಾಂಗ

ನಮ್ಮಲ್ಲಿ ಪಂಚಾಂಗ ಅಂದರೆ ಗೋಡೆಯ ಕೆಳಗಿನ ಕಲ್ಲಿನ ಕಟ್ಟಣ. ಇದರ ಮೇಲೆ ಬೆಲ್ಟ್ ಬರುತ್ತದೆ, ರಾಡು ಹಾಕಿದ ಕಾಂಕ್ರೀಟಿನ ಪಟ್ಟಿ. ಕೆಳಗಿನ ತೇವ ಗೋಡೆಗೆ ಏರದಂತೆ ತಡೆಯುವುದೂ, ಮನೆಯನ್ನು ಒಂದು ದಾರದ ಹಾಗೆ ಕಟ್ಟಿ ಹಿಡಿಯುವುದೂ ಇದೇ. ಪಂಚಾಂಗದ ಒಳಗೆ ಮಣ್ಣು ತುಂಬಿಸುವಾಗ ಒಂದೇ ಸಲ ಮೂರಡಿ ಸುರಿಯಬಾರದು. ಅರ್ಧ ಅಡಿ ಹಾಕಿ, ನೀರು ಬಿಟ್ಟು, ದಮ್ಮಸು ಮಾಡಿ, ಮತ್ತೆ ಅರ್ಧ ಅಡಿ. ಹೀಗೆ ಮಾಡದಿದ್ದರೆ ಎರಡು ವರ್ಷದಲ್ಲಿ ಟೈಲ್ಸ್ ತಟ್ಟಿದಾಗ ಡಬ್ ಡಬ್ ಅನ್ನುತ್ತದೆ. ಗೆದ್ದಲಿನ ಔಷಧ ಹಾಕುವುದು ಈ ಹಂತದಲ್ಲೇ, ನೆಲದ ಕಾಂಕ್ರೀಟಿಗೆ ಮೊದಲು.

4. ಕಲ್ಲು, ಗೋಡೆ

ಮುರಕಲ್ಲು ಕಡಿದ ದಿನ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಇಟ್ಟ ಹಾಗೆ ಗಟ್ಟಿಯಾಗುತ್ತದೆ. ಕೋರೆಯಿಂದ ಲಾರಿ ಬಂದ ದಿನವೇ ಕಟ್ಟಲು ಶುರು ಮಾಡಬೇಡಿ. ಮೇಸ್ತ್ರಿ ಹತ್ತಿರ ಹತ್ತು ಕಲ್ಲು ಆರಿಸಿ ತೋರಿಸಲು ಹೇಳಿ. ಸುತ್ತಿಗೆಯಲ್ಲಿ ತಟ್ಟಿದರೆ ಟಣ್ ಅನ್ನಬೇಕು. ತೂತುಗಳಲ್ಲಿ ಬಿಳಿ ಅಥವಾ ಹಳದಿ ಜೇಡಿ ತುಂಬಿದ್ದರೆ ಆ ಕಲ್ಲನ್ನು ಬದಿಗೆ ಹಾಕಿ. ಕಾಂಪೌಂಡ್ ಕಟ್ಟಲು ಬೇಕಾದರೆ ಆಗುತ್ತದೆ. ಭಾರತೀಯ ಸಂಹಿತೆ ಪ್ರಕಾರ ಕಟ್ಟಣದ ಮುರಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ತಾಳಬೇಕು, ನೀರು ಹೀರುವುದು ನೂರಕ್ಕೆ 12ರ ಒಳಗಿರಬೇಕು.

ಇಲ್ಲಿ ನನ್ನದೊಂದು ಅಭಿಪ್ರಾಯ. ಈಗ ಎಲ್ಲರಿಗೂ ಪಿಲ್ಲರ್ ಮನೆಯೇ ಬೇಕು. ಗಟ್ಟಿ ನೆಲ ಇದ್ದು, ಒಂದೇ ಅಂತಸ್ತು, ಕೋಣೆಗಳು ಸಾಧಾರಣ ಅಳತೆಯವು ಆದರೆ, ಒಳ್ಳೆಯ ಮುರಕಲ್ಲಿನ ಗೋಡೆ ಮೇಲೆಯೇ ಸ್ಲ್ಯಾಬ್ ಕೂರಿಸಬಹುದು. ಹನ್ನೆರಡು ಕಂಬದ ಸಿಮೆಂಟು, ಕಬ್ಬಿಣ ಉಳಿಯುತ್ತದೆ. ಆದರೆ ಬೆಲ್ಟ್ ಮಾತ್ರ ಬಿಡುವ ಹಾಗಿಲ್ಲ. ಪಂಚಾಂಗದಲ್ಲಿ ಒಂದು, ಬಾಗಿಲು, ಕಿಟಕಿಯ ಮೇಲಿನ ಲಿಂಟಲ್ ಮಟ್ಟದಲ್ಲಿ ಇನ್ನೊಂದು, ಎರಡೂ ಮನೆ ಸುತ್ತ ತುಂಡಾಗದೆ ಹೋಗಬೇಕು. 2016ರ ಭೂಕಂಪ ಸಂಹಿತೆಯಲ್ಲಿ ಮಂಗಳೂರು ಮಧ್ಯಮ ಅಪಾಯದ ಮೂರನೇ ವಲಯದಲ್ಲಿದೆ ಅನ್ನುವುದನ್ನು ಇಲ್ಲಿ ಸುಮಾರು ಜನ ಮರೆತಿರುತ್ತಾರೆ. ಅದೇ ಕಾರಣಕ್ಕೆ ಕಂಬ, ಬೀಮಿನ ರಿಂಗುಗಳ ತುದಿಯನ್ನು ಒಳಕ್ಕೆ ಮಡಚಿರಬೇಕು, ಬರೀ ಮೂಲೆಮಟ್ಟಕ್ಕೆ ಬಗ್ಗಿಸಿ ಬಿಡಬಾರದು.

ಕಟ್ಟುವಾಗ ನೋಡಬೇಕಾದ್ದು ಇಷ್ಟೇ. ಮೇಲಿನ ಸಾಲಿನ ಸಂದು ಕೆಳಗಿನ ಸಾಲಿನ ಸಂದಿನ ಮೇಲೆ ಬರಬಾರದು. ಕಲ್ಲನ್ನು ಒದ್ದೆ ಮಾಡಿ ಕೂರಿಸಬೇಕು. ತೂಗುಗುಂಡು ಬಿಟ್ಟು ನೋಡುತ್ತಿರಬೇಕು.

5. ಸಾಮಾನು ಇಳಿಯುವ ದಿನ

ಸಿಮೆಂಟ್ ಚೀಲದ ಮೇಲೆ ಯಾವ ವಾರ, ಯಾವ ವರ್ಷದ ಮಾಲು ಅಂತ ಮುದ್ರಿಸಿರುತ್ತಾರೆ. ಓದಿ. ನಮ್ಮ ಗಾಳಿಯ ತೇವಕ್ಕೆ ಸಿಮೆಂಟು ಬೇಗ ಗಂಟು ಕಟ್ಟುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿಯಾಗದ ಗಂಟು ಇದ್ದರೆ ಆ ಚೀಲ ವಾಪಸು. ಹಲಗೆ ಹಾಕಿ ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಿ. ಹತ್ತು ಚೀಲಕ್ಕಿಂತ ಎತ್ತರ ಪೇರಿಸಬೇಡಿ. ಕಡಲ ಬದಿಗೆ ಪಿಪಿಸಿ (ಹಾರುಬೂದಿ ಬೆರೆಸಿದ್ದು) ಅಥವಾ ಸ್ಲ್ಯಾಗ್ (ಕಬ್ಬಿಣದ ಕಿಟ್ಟ ಬೆರೆಸಿದ) ಸಿಮೆಂಟೇ ಒಳ್ಳೆಯದು. ಉಪ್ಪು ಒಳಗೆ ಇಳಿಯುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ಬಲ ಬರುವುದು ಮಾತ್ರ ಸ್ವಲ್ಪ ನಿಧಾನ, ಹಾಗಾಗಿ ನೀರು ಹಾಕುವ ದಿನ ಜಾಸ್ತಿ.

ಹೊಯ್ಗೆಯನ್ನು ಒಂದು ಗಾಜಿನ ಬಾಟಲಿಗೆ ಅರ್ಧ ಹಾಕಿ, ನೀರು, ಒಂದು ಚಿಟಿಕೆ ಉಪ್ಪು ಸೇರಿಸಿ ಕುಲುಕಿ ಮೂರು ಗಂಟೆ ಇಡಿ. ಹೊಯ್ಗೆ ಮೇಲೆ ಕೂತ ಮಣ್ಣಿನ ಪದರ ನೂರಕ್ಕೆ ಎಂಟರಷ್ಟು ದಾಟಿದರೆ ಬೇಡ. ಅಳಿವೆ ಬಾಗಿಲಿನ ಹೊಯ್ಗೆ, ಕಡಲ ಹೊಯ್ಗೆ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಕಾಂಕ್ರೀಟಿಗೆ ಬೇಡ. ನೀರಿಗೂ ಇದೇ ಮಾತು. ಏಪ್ರಿಲಿನಲ್ಲಿ ಕಡಲ ಬದಿಯ ಬಾವಿಗಳಲ್ಲಿ ಸವುಳು ಬರುತ್ತದೆ. ರಾಡು ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಜಾಸ್ತಿ ಕ್ಲೋರೈಡ್ ಇರಬಾರದು ಅಂತ ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456 ಹೇಳುತ್ತದೆ. ಬಾಯಿಗೆ ಉಪ್ಪುಪ್ಪು ಅನ್ನಿಸಿದರೆ ಲ್ಯಾಬಿಗೆ ಕೊಡಿ, ಅಲ್ಲಿಯವರೆಗೆ ಟ್ಯಾಂಕರ್ ನೀರು.

ಕಬ್ಬಿಣದ ತೂಕಕ್ಕೆ ಒಂದು ಸುಲಭದ ಲೆಕ್ಕ. ರಾಡಿನ ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. ಒಂದು ಮೀಟರಿಗೆ ಎಷ್ಟು ಕಿಲೋ ಅಂತ ಬರುತ್ತದೆ. 12 ಮಿಲಿಮೀಟರಿನದಕ್ಕೆ 144 ಭಾಗಿಸು 162, ಅಂದರೆ 0.89. ಹನ್ನೆರಡು ಮೀಟರಿನ ಒಂದು ರಾಡು ಸುಮಾರು 10.7 ಕಿಲೋ. ಬಿಲ್ಲು, ತೂಕದ ಚೀಟಿ, ರಾಡಿನ ಲೆಕ್ಕ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ರಾಡು ನೆಲಕ್ಕೆ ತಾಗಬಾರದು, ಮೇಲೆ ಟಾರ್ಪಾಲು ಇರಲಿ. ತೆಳು ಕೆಂಪು ತುಕ್ಕಿಗೆ ಹೆದರಬೇಡಿ. ಹಕ್ಕಳೆಯಾಗಿ ಉದುರುವ ತುಕ್ಕು ಬೇಡ. ಮುಂದೆ ಮೇಲಂತಸ್ತು ಕಟ್ಟುತ್ತೇವೆ ಅಂತ ತಾರಸಿ ಮೇಲೆ ರಾಡು ಬಿಟ್ಟು ಹತ್ತು ಮಳೆ ತೋಯಿಸುವ ಮನೆಗಳು ನಮ್ಮಲ್ಲಿ ಊರಿಗೆ ನಾಲ್ಕು ಇವೆ. ಬಿಡುವುದೇ ಆದರೆ ಸಿಮೆಂಟ್ ಹಾಲು ಬಳಿದು, ತೆಳು ಕಾಂಕ್ರೀಟಿನಲ್ಲಿ ಮುಚ್ಚಿಸಿ.

6. ರಾಡು ಕಟ್ಟಿದ ಮೇಲೆ, ಕಾಂಕ್ರೀಟಿಗೆ ಮೊದಲು

ಕಾಂಕ್ರೀಟು ಒತ್ತಿದರೆ ತಡೆಯುತ್ತದೆ, ಎಳೆದರೆ ಹರಿಯುತ್ತದೆ. ಎಳೆತ ಬರುವ ಕಡೆ ರಾಡು ಇರಬೇಕು. ಎರಡು ಗೋಡೆಯ ಮೇಲೆ ಕೂತ ಸ್ಲ್ಯಾಬು ಮಧ್ಯದಲ್ಲಿ ಕೆಳಗೆ ಜಗ್ಗುತ್ತದೆ, ಅಲ್ಲಿ ರಾಡು ಕೆಳಗೆ. ಬಾಲ್ಕನಿ, ಸನ್‌ಶೇಡಿನಲ್ಲಿ ಉಲ್ಟಾ. ಅದು ಗೋಡೆಯಿಂದ ಹೊರಗೆ ಕೈ ಚಾಚಿದ ಹಾಗೆ, ಎಳೆತ ಮೇಲ್ಭಾಗದಲ್ಲಿ. ಮುಖ್ಯ ರಾಡು ಮೇಲೆ ಇರಲೇಬೇಕು. ಬಾರ್ ಬೆಂಡರ್ ಸರಿಯಾಗಿಯೇ ಕಟ್ಟಿರುತ್ತಾನೆ. ಕಾಂಕ್ರೀಟಿನ ದಿನ ಇಪ್ಪತ್ತು ಜನ ಅದರ ಮೇಲೆ ನಡೆದು ನಡೆದು ಮೇಲಿನ ರಾಡು ಕೆಳಗೆ ಕೂತಿರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಸೆಂಟ್ರಿಂಗ್ (ಕಾಂಕ್ರೀಟಿಗೆ ಆಸರೆ ಕೊಟ್ಟ ಶೀಟು, ಊರುಗೋಲು) ಬಿಚ್ಚಿದ ದಿನ ಗೋಡೆಯ ಬದಿಗೆ ಉದ್ದಕ್ಕೆ ಬಿರುಕು ಕಾಣುತ್ತದೆ. ಹಾಗಾಗಿ ಮೇಲಿನ ರಾಡಿನ ಕೆಳಗೆ ಕುರ್ಚಿ, ಅಂದರೆ ಬಗ್ಗಿಸಿದ ರಾಡಿನ ತುಂಡು, ಇಡಿಸಿ. ನಡೆಯಲು ಹಲಗೆ ಹಾಕಿಸಿ.

ಇನ್ನು ಕವರ್. ರಾಡಿಗೂ ಹೊರಗಿನ ಗಾಳಿಗೂ ಮಧ್ಯೆ ಇರುವ ಕಾಂಕ್ರೀಟಿನ ದಪ್ಪ. ಕಡಲ ಗಾಳಿಯ ಉಪ್ಪು ಇದನ್ನು ದಾಟಿ ರಾಡಿಗೆ ತಾಗಿದ ದಿನ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಸ್ಲ್ಯಾಬಿನ ಅಡಿ ಒಡೆದು ಚೂರು ಬೀಳುತ್ತದೆ. ಮಲ್ಪೆ ಕಡೆ ಹಳೆಯ ತಾರಸಿ ಮನೆಗಳಲ್ಲಿ ತಲೆಯೆತ್ತಿ ನೋಡಿದರೆ ರಾಡು ಕಾಣುವುದು ಇದಕ್ಕೇ. ಕಡಲ ಗಾಳಿಗೆ ಮೈಯೊಡ್ಡಿದ ಕಾಂಕ್ರೀಟಿಗೆ ಐಎಸ್ 456 ಕೇಳುವುದು ಎಂ30 (28 ದಿನಕ್ಕೆ ಚದರ ಮಿಲಿಮೀಟರಿಗೆ 30 ನ್ಯೂಟನ್ ತಾಳುವ ಕಾಂಕ್ರೀಟು), ಕವರ್ 45 ಮಿಲಿಮೀಟರ್. ಕರಾವಳಿಯಲ್ಲೇ ಇದ್ದು ಮರೆಯಲ್ಲಿರುವ ಭಾಗಕ್ಕೆ ಎಂ25, 30 ಮಿಲಿಮೀಟರ್. ಸೈಟಿನಲ್ಲಿ ನಿಮಗೆ ಕಾಣುವುದು ಏನು? ಜಲ್ಲಿ ಚೂರು ಒಂದನ್ನು ರಾಡಿನ ಅಡಿಗೆ ತಳ್ಳಿರುತ್ತಾರೆ. ಅದು ಬೇಡ. ಅಳತೆಯ ಕವರ್ ಬ್ಲಾಕ್ ಮೊದಲೇ ತರಿಸಿಡಿ, ತುಂಬಾ ಕಡಿಮೆ ಖರ್ಚಿನ ಸಾಮಾನು ಅದು.

ಕರೆಂಟಿನ ಪೈಪು, ಫ್ಯಾನ್ ಹುಕ್ಕು, ನೀರಿನ ಪೈಪಿನ ತೂತು ಎಲ್ಲ ಸೇರಿಸಿ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಡ್ರಿಲ್ ಹಾಕುವಾಗ ಬೇಕಾಗುತ್ತದೆ.

7. ಸ್ಲ್ಯಾಬಿನ ದಿನ

ಈ ದಿನ ಮಾತ್ರ ರಜೆ ಹಾಕಿ.

ಮೊದಲು ಲೆಕ್ಕ. 1,000 ಚದರಡಿ, 5 ಇಂಚು ದಪ್ಪ ಅಂದರೆ ಸುಮಾರು 11.8 ಘನ ಮೀಟರ್, ಬೀಮು ಬೇರೆ. ರೆಡಿಮಿಕ್ಸ್ ಲಾರಿ ಒಂದರಲ್ಲಿ ಸಾಮಾನ್ಯವಾಗಿ 6 ಘನ ಮೀಟರ್ ಬರುತ್ತದೆ. ಲಾರಿಯವರು ತರುವ ಚಲನ್ ಚೀಟಿಯಲ್ಲಿ ಗ್ರೇಡ್ (ಎಂ25, ಎಂ30) ನೋಡಿ, ಪ್ಲಾಂಟಿನಲ್ಲಿ ತುಂಬಿಸಿದ ಸಮಯ ನೋಡಿ. ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಹೆದ್ದಾರಿ 66ರಲ್ಲಿ ಟ್ರಾಫಿಕ್ ಜಾಮ್ ಆಯಿತು ಅನ್ನುವುದು ಸಿಮೆಂಟಿಗೆ ಗೊತ್ತಾಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಲ್ಯಾಣಪುರದ ಕಡೆ ಒಂದು ಮನೆ. ಕಂಬಕ್ಕೆ ಕಾಂಕ್ರೀಟ್ ಹಾಕುತ್ತಿದ್ದೆವು, ಮಧ್ಯಾಹ್ನ ಎರಡು ಗಂಟೆ ಬಿಸಿಲು. ಮೇಸ್ತ್ರಿ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. "ಒತ್ತಾಗಿದೆ ಮಾರಾಯ್ರೆ, ಇಳಿಯುದಿಲ್ಲ. ಒಂದು ಬಾಲ್ದಿ ನೀರು ಬಿಡ್ತೇನೆ" ಅಂದರು. ನಾನು ಹ್ಞೂಂ ಅಂದೆ. ಕಾಂಕ್ರೀಟು ಪಾಯಸದ ಹಾಗೆ ಇಳಿಯಿತು, ಎಲ್ಲರಿಗೂ ಖುಷಿ. ಮರುದಿನ ಶೀಟು ಬಿಚ್ಚಿದರೆ ಬುಡದಲ್ಲಿ ಎರಡು ಅಡಿ ಎತ್ತರಕ್ಕೆ ಬರೀ ಜಲ್ಲಿ, ಜೇನುಗೂಡಿನ ಹಾಗೆ. ಸಿಮೆಂಟ್ ಹಾಲೆಲ್ಲ ಶೀಟಿನ ಸಂದಿನಲ್ಲಿ ಹೊರಗೆ ಹೋಗಿತ್ತು. ಒಂದು ತೂತಿನಲ್ಲಿ ನನ್ನ ಬೆರಳು ಹೋಗಿ ರಾಡಿಗೆ ತಾಗಿತು. ಆ ಕಂಬವನ್ನು ಒಡೆಸಿ ಮತ್ತೆ ಹಾಕಿಸಿದೆವು. ಧಣಿಗಳು ಏನೂ ಬೈಯಲಿಲ್ಲ, ಅದೇ ಜಾಸ್ತಿ ಕಷ್ಟವಾದದ್ದು.

ಆ ಬಾಲ್ದಿಯ ಲೆಕ್ಕ ಹೀಗೆ. 50 ಕಿಲೋ ಸಿಮೆಂಟಿಗೆ ಎಂ30ರಲ್ಲಿ ಇರಬೇಕಾದ ನೀರು ಹೆಚ್ಚೆಂದರೆ 22.5 ಲೀಟರ್, ಅಂದರೆ ಸಿಮೆಂಟಿನ ತೂಕದ 0.45 ಪಾಲು. ಐದು ಲೀಟರ್ ಜಾಸ್ತಿ ಬಿಟ್ಟರೆ 0.55 ಆಯಿತು. ಸಿಮೆಂಟು ಗಟ್ಟಿಯಾಗಲು ನಿಜವಾಗಿ ಬೇಕಾದ್ದು ಅದರ ತೂಕದ ಕಾಲು ಭಾಗದಷ್ಟು ನೀರು. ಉಳಿದದ್ದು ನಮಗೆ ಕೆಲಸ ಮಾಡಲು ಸುಲಭವಾಗಲಿ ಅಂತ. ಆ ಉಳಿದ ನೀರು ಆರಿಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು. ಬಲವೂ ಕಡಿಮೆ, ಮಳೆ, ಉಪ್ಪು ಒಳಗೆ ಬರಲು ದಾರಿಯೂ ಆಯಿತು. ಹೊಯ್ಗೆ ಮೊದಲೇ ಒದ್ದೆಯಾಗಿದ್ದರೆ ಅದರಲ್ಲಿರುವ ನೀರನ್ನೂ ಕಳೆಯಬೇಕು. ಕಾಂಕ್ರೀಟು ನಿಜವಾಗಿ ಒತ್ತಾಗಿದ್ದರೆ ಬೇಕಾದ್ದು ಪ್ಲಾಸ್ಟಿಸೈಸರ್ (ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲ ಮಾಡುವ ದ್ರಾವಣ), ಬಾಲ್ದಿ ಅಲ್ಲ.

ಕಾಂಕ್ರೀಟನ್ನು ನಡುಗಿಸಿ ಕೂರಿಸುವ ವೈಬ್ರೇಟರ್ ಎರಡು ಇರಲಿ, ಒಂದು ಖಂಡಿತ ಕೈಕೊಡುತ್ತದೆ. ಅದರ ಸೂಜಿಯನ್ನು ನೇರ ಇಳಿಸಿ, ಗುಳ್ಳೆ ನಿಂತ ಮೇಲೆ ನಿಧಾನ ಎತ್ತಬೇಕು. ರಾಡಿಗೆ ತಾಗಿಸಿ ಹಿಡಿಯಬಾರದು. ಕ್ಯೂಬ್ ಅಚ್ಚಿನಲ್ಲಿ ಮೂರು ತುಂಬಿಸಿಡಿ, 28 ದಿನಕ್ಕೆ ಒಡೆಸಿ ನೋಡಿದರೆ ಎಂ30 ಅಂದದ್ದು ಎಷ್ಟಿದೆ ಗೊತ್ತಾಗುತ್ತದೆ.

8. ನೀರು ಹಾಕುವುದು, ಸೆಂಟ್ರಿಂಗ್ ಬಿಚ್ಚುವುದು

ಬೆರೆಸುವಾಗ ಬೇಡ ಅಂದ ನೀರು ಈಗ ಬೇಕು. ಸ್ಲ್ಯಾಬಿನ ಮೇಲೆ ಗಾರೆಯ ಬದು ಕಟ್ಟಿ ಗದ್ದೆಯ ಹಾಗೆ ನೀರು ನಿಲ್ಲಿಸಿ. ಕಂಬಕ್ಕೆ ಗೋಣಿ ಸುತ್ತಿ ಒದ್ದೆ ಇಡಿ. ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ, ನಾನು 14 ಹೇಳುತ್ತೇನೆ. ಬೆಳಿಗ್ಗೆ, ಸಂಜೆ ಪೈಪಿನಲ್ಲಿ ಚಿಮುಕಿಸಿ ಮಧ್ಯಾಹ್ನ ಒಣಗಲು ಬಿಡುವುದು ಕ್ಯೂರಿಂಗ್ ಅಲ್ಲ. ಏಪ್ರಿಲಿನಲ್ಲಿ ಬಾವಿ ತಳ ಕಂಡಿರುತ್ತದೆ, ಸ್ಲ್ಯಾಬಿಗೆ ಮೊದಲೇ ನೀರಿನ ವ್ಯವಸ್ಥೆ ಮಾಡಿಕೊಳ್ಳಿ.

ಸೆಂಟ್ರಿಂಗಿನವರಿಗೆ ಶೀಟು ಮುಂದಿನ ಸೈಟಿಗೆ ಬೇಕು, ಅವರು ಅವಸರ ಮಾಡುತ್ತಾರೆ. ಸಾದಾ ಸಿಮೆಂಟಿನಲ್ಲೇ 4.5 ಮೀಟರ್ ಒಳಗಿನ ಸ್ಲ್ಯಾಬಿನ ಅಡಿಯ ಊರುಗೋಲು 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ನಿಲ್ಲಬೇಕು. ಬೀಮಿಗೆ 6 ಮೀಟರ್ ಒಳಗಾದರೆ 14, ಮೇಲಾದರೆ 21. ಪಿಪಿಸಿಯಾದರೆ ಇದಕ್ಕೂ ಜಾಸ್ತಿ. ಕೈ ಚಾಚಿದ ಸನ್‌ಶೇಡಿನದು ಎಲ್ಲಕ್ಕಿಂತ ಕೊನೆಗೆ, ತುದಿಯಿಂದ ಗೋಡೆಯ ಕಡೆಗೆ ಬಿಚ್ಚುತ್ತಾ ಬರಲಿ.

9. ಮಾಡು

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಇಳಿಜಾರು ಮಾಡು, ಮಂಗಳೂರು ಹಂಚು ಈ ಮಳೆಗೆ ಸರಿಯಾದ ಉತ್ತರ ಅಂತ ನನಗೆ ಈಗಲೂ ಅನ್ನಿಸುತ್ತದೆ. ಸಪಾಟು ತಾರಸಿ ಮಾಡಿ, ಎರಡನೇ ಮಳೆಗೆ ಸೋರಿ, ಮೂರನೇ ವರ್ಷ ಅದರ ಮೇಲೆ ಶೀಟು ಹಾಕಿಸಿದ ಮನೆಗಳನ್ನು ಎಣಿಸುತ್ತಾ ಹೋದರೆ ಮಣಿಪಾಲದಿಂದ ಕಾರ್ಕಳ ತಲುಪಬಹುದು. ಮೊದಲೇ ಸ್ಲ್ಯಾಬಿನ ಮೇಲೆ ಹಂಚಿನ ಮಾಡು ಲೆಕ್ಕ ಹಾಕಿದರೆ ಒಂದೇ ಖರ್ಚು.

ಸಪಾಟು ತಾರಸಿಯೇ ಬೇಕಾದರೆ ನೂರು ಅಡಿಗೆ ಒಂದು ಅಡಿ ಇಳಿಜಾರು ಕನಿಷ್ಠ, ನೀರಿಳಿಯುವ ಪೈಪು ದೊಡ್ಡದು, ಕಡಿಮೆಯೆಂದರೆ ಎರಡು. ಒಂದಕ್ಕೆ ಹಲಸಿನ ಎಲೆ ಸಿಕ್ಕಿಕೊಂಡರೆ ಇನ್ನೊಂದು ಇರಲಿ. ವಾಟರ್‌ಪ್ರೂಫಿಂಗ್ ಆದ ಮೇಲೆ ಪೈಪು ಮುಚ್ಚಿ 48 ಗಂಟೆ ನೀರು ನಿಲ್ಲಿಸಿ, ಕೆಳಗಿನಿಂದ ನೋಡಿ. ಆಮೇಲೆ ಹಣ ಕೊಡಿ.

ಸನ್‌ಶೇಡಿನ ಅಡಿಯಲ್ಲಿ, ಅಂಚಿನಿಂದ ಎರಡು ಇಂಚು ಒಳಗೆ, ಒಂದು ಗೆರೆ ಕೊರೆಸಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಹರಿದು ಬರುವುದಿಲ್ಲ. ಪಡುವಣ ಗಾಳಿಯ ಮಳೆ ಅಡ್ಡಕ್ಕೆ ಹೊಡೆಯುವುದರಿಂದ ಆ ಬದಿಯ ಸನ್‌ಶೇಡ್ ಅಗಲ ಇರಲಿ, ಕಿಟಕಿಯ ಕೆಳಹಲಗೆ ಹೊರಗೆ ಇಳಿಜಾರಾಗಿರಲಿ, ಪ್ಲಾಸ್ಟರ್ ಎರಡು ಕೈ ಇರಲಿ.

10. ಮೊದಲ ಮಳೆ

ಗೃಹಪ್ರವೇಶ ಮೇ ತಿಂಗಳಲ್ಲಿ ಆಗಿರುತ್ತದೆ, ಮೇಸ್ತ್ರಿಗೆ ಕೊಡಬೇಕಾದ ಕೊನೆಯ ಕಂತು ಸ್ವಲ್ಪ ಬಾಕಿ ಇಟ್ಟುಕೊಳ್ಳಿ. ಇದನ್ನು ಶುರುವಿನಲ್ಲೇ ಕಾಗದದಲ್ಲಿ ಬರೆದುಕೊಂಡಿದ್ದರೆ ಯಾರಿಗೂ ಬೇಸರ ಇಲ್ಲ. ಜೂನಿನ ಮೊದಲ ದೊಡ್ಡ ಮಳೆ ಹೊಡೆದ ರಾತ್ರಿ ಟಾರ್ಚು, ಒಂದು ಸೀಮೆಸುಣ್ಣ ಹಿಡಿದು ಮನೆಯೊಳಗೆ ಸುತ್ತಿ. ಪಡುವಣ ಗೋಡೆ, ಕಿಟಕಿಯ ಮೂಲೆ, ಸ್ಲ್ಯಾಬಿನ ಅಡಿಯಲ್ಲಿ ಪೈಪು ಇಳಿದ ಜಾಗ, ಮೆಟ್ಟಿಲಿನ ತಲೆ. ಎಲ್ಲಿ ಒದ್ದೆ ಕಂಡಿತೋ ಅಲ್ಲಿ ಸುತ್ತ ಗೆರೆ ಎಳೆದು ತಾರೀಕು ಬರೆಯಿರಿ. ಬೆಳಿಗ್ಗೆ ಆರಿಹೋಗಿರುತ್ತದೆ, ಬಂದ ಮೇಸ್ತ್ರಿ "ಎಲ್ಲುಂಟು ಮಾರಾಯ್ರೆ" ಅಂತ ಕೇಳಿಯೇ ಕೇಳುತ್ತಾರೆ. ಗೆರೆ ತೋರಿಸಿ.